ಪ್ರಾಜೆಕ್ಟಣ್ಣನ ನೆರಳು ಗಡಿಯಾರ

ಪ್ರಾಜೆಕ್ಟಣ್ಣನನ್ನು ಗುರುತಿಸಲು ಅಂಗಿಯ ಜೇಬು ನೋಡಿದರೆ ಸಾಕು. ಒಂದು ಪೆನ್ನು, ಅಳತೆಯ ಟೇಪು, ಮೂರು ನಮೂನೆಯ ವಿಸಿಟಿಂಗ್ ಕಾರ್ಡು. ಮೂರರಲ್ಲೂ ಹೆಸರು ಒಂದೇ, ದಂಧೆ ಬೇರೆ. ಯಾವುದನ್ನು ಕೊಡಬೇಕೆಂಬುದನ್ನು ಎದುರಿಗಿರುವವರ ಚಪ್ಪಲಿ ನೋಡಿ ತೀರ್ಮಾನಿಸುತ್ತಾರೆ. ಕೈತಪ್ಪಿ ಬೀಗರ ಕೈಗೆ ಎಮು ಹಕ್ಕಿಯ ಕಾರ್ಡು ಹೋದದ್ದೂ ಉಂಟು. ಬೀಗರು ಅದನ್ನು ಇನ್ನೂ ಇಟ್ಟುಕೊಂಡಿದ್ದಾರೆ, ಜಗಳಕ್ಕೆ ಬೇಕಾಗುತ್ತದೆಂದು.

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ, ಯಾವ ತಾಲ್ಲೂಕಿಗೆ ಹೋದರೂ ಬಸ್ ಸ್ಟ್ಯಾಂಡಿನ ಟೀ ಅಂಗಡಿಯಲ್ಲಿ ಇಂಥವರೊಬ್ಬರು ಸಿಗುತ್ತಾರೆ. ನಾನು ಹೇಳಹೊರಟವರು ಮಾಗಡಿ ತಾಲ್ಲೂಕಿನ ಕಲ್ಯದವರು. ಸ್ವಂತ ಹೆಸರು ಬೇಡ. ಊರಿನಲ್ಲೂ ಆ ಹೆಸರಿನಿಂದ ಕರೆಯುವವರು ಬ್ಯಾಂಕಿನವರು ಮಾತ್ರ.

ವೆನಿಲ್ಲಾ ಬೆಲೆ ಮುಗಿಲು ಮುಟ್ಟಿದ ವರ್ಷ ಅವರು ವೆನಿಲ್ಲಾ ಬಳ್ಳಿ ನೆಟ್ಟರು. ಬಳ್ಳಿ ಹೂ ಬಿಡುವ ಹೊತ್ತಿಗೆ ಬೆಲೆ ನೆಲಕ್ಕಿಳಿದಿತ್ತು. ಆಮೇಲೆ ಜತ್ರೋಫಾ, ಅಣಬೆ, ಅಲೋವೆರಾ. ಎಮು ಸಾಕಿದರು, ಅವು ಬೇಲಿ ಹಾರಿ ಪಕ್ಕದವರ ರಾಗಿ ಹೊಲದಲ್ಲಿ ಓಡಿದ್ದನ್ನು ಊರು ಇವತ್ತಿಗೂ ಸಂತೋಷದಿಂದ ನೆನೆಯುತ್ತದೆ. ಸುತ್ತಲ ಹಳ್ಳಿಗಳವರು ಹಿಪ್ಪುನೇರಳೆ ಬೆಳೆದು, ಹುಳ ಮೇಯಿಸಿ, ರಾಮನಗರದ ಗೂಡಿನ ಮಾರ್ಕೆಟ್ಟಿಗೆ ಚೀಲ ಹೊತ್ತು ಮಕ್ಕಳ ಮದುವೆ ಮಾಡುತ್ತಿದ್ದರೆ, ಇವರು ಮಾತ್ರ ರೇಷ್ಮೆ ಕಡೆ ತಲೆ ಹಾಕಿಯೂ ಮಲಗಲಿಲ್ಲ. "ಎಲ್ರೂ ಮಾಡೋದ್ನ ಮಾಡಕ್ಕೆ ನಾನ್ಯಾಕ್ ಬೇಕು?" ಎಂಬುದು ಅವರ ಪ್ರಶ್ನೆ. ನ್ಯಾಯವಾದ ಪ್ರಶ್ನೆ. ಅವರ ಹೆಂಡತಿ ಇದೇ ಪ್ರಶ್ನೆಯನ್ನು ಬೇರೆ ಧಾಟಿಯಲ್ಲಿ ಕೇಳುತ್ತಾರೆ.

ನೆರಳು ಗಡಿಯಾರದ ಯೋಚನೆ ಬಂದದ್ದು ಬೆಂಗಳೂರಿನ ಗವಿಪುರದಲ್ಲಿ. ಮಕರ ಸಂಕ್ರಾಂತಿಯ ಸಂಜೆ ಗವಿ ಗಂಗಾಧರೇಶ್ವರನ ಗುಡಿಯಲ್ಲಿ ಸೂರ್ಯನ ಕಿರಣ ನಂದಿಯ ಕೊಂಬುಗಳ ನಡುವೆ ಹಾದು ಲಿಂಗದ ಮೇಲೆ ಬೀಳುತ್ತದಲ್ಲ, ಅದನ್ನು ನೋಡಲು ಇವರೂ ಹೋಗಿದ್ದರು. ಉಳಿದವರು ಲಿಂಗ ನೋಡಿದರು, ಇವರು ಜನ ನೋಡಿದರು. ಅಂಗಳದಲ್ಲಿ ಸೂರ್ಯಪಾನ, ಚಂದ್ರಪಾನವೆಂಬ ಎರಡು ದೊಡ್ಡ ಕಲ್ಲಿನ ಚಕ್ರಗಳು. ಅವುಗಳ ಸುತ್ತ ಮೊಬೈಲು ಎತ್ತಿ ಹಿಡಿದ ಸಾವಿರ ಕೈ. "ಬಿಸಿಲು ನೋಡಕ್ಕೆ ಇಷ್ಟ್ ಜನ ಬತ್ತಾರೆ ಅಂದ್ರೆ, ಬಿಸ್ಲಿಗೆ ಮಾರ್ಕೆಟ್ ಐತೆ ಅಂತ ತಾನೆ?" ಎಂದು ಮಾರನೆಯ ದಿನ ಕಲ್ಯದಲ್ಲಿ ಘೋಷಿಸಿದರು. ಶೃಂಗೇರಿಯ ವಿದ್ಯಾಶಂಕರ ಗುಡಿಯಲ್ಲಿ ಹನ್ನೆರಡು ರಾಶಿಗೆ ಹನ್ನೆರಡು ಕಂಬ ನಿಲ್ಲಿಸಿ ಆಯಾ ಮಾಸಕ್ಕೆ ಆಯಾ ಕಂಬಕ್ಕೆ ಬಿಸಿಲು ಬೀಳಿಸಿದ್ದಾರೆ, ಜೈಪುರದಲ್ಲಿ ಸವಾಯಿ ಜಯಸಿಂಹ 27 ಮೀಟರ್ ಎತ್ತರದ ಸಾಮ್ರಾಟ ಯಂತ್ರ ಕಟ್ಟಿಸಿ ನೆರಳಿನಲ್ಲೇ ಸೆಕೆಂಡು ಲೆಕ್ಕ ಹಾಕಿಸಿದ್ದಾನೆ. ದೊಡ್ಡವರೆಲ್ಲ ಮಾಡಿ ಬಿಟ್ಟದ್ದನ್ನು ಸಣ್ಣ ಸೈಜಿನಲ್ಲಿ, ಗಿರಾಕಿಯ ಮನೆ ಅಂಗಳಕ್ಕೆ ಹೊಂದುವಂತೆ, ಅವರ ಹೆಸರು ಕೆತ್ತಿ ಕೊಡುವುದು. ಇಷ್ಟೇ ಪ್ರಾಜೆಕ್ಟು.

ಕಚ್ಚಾಮಾಲಿಗೆ ಕೊರತೆಯಿರಲಿಲ್ಲ. ನಮ್ಮ ಸೀಮೆಯ ಬೆಟ್ಟಗಳೆಲ್ಲ ಸುಮಾರು 250 ಕೋಟಿ ವರ್ಷದ ಗ್ರಾನೈಟು. ಭೂವಿಜ್ಞಾನಿಗಳು ಅದನ್ನು ಇವತ್ತಿಗೂ ಕ್ಲೋಸ್‌ಪೇಟ್ ಗ್ರಾನೈಟ್ ಎನ್ನುತ್ತಾರೆ. ಊರಿಗೆ ಕ್ಲೋಸ್‌ಪೇಟೆ ಹೋಗಿ ರಾಮನಗರ ಬಂತು, 2007ರಲ್ಲಿ ರಾಮನಗರ ಜಿಲ್ಲೆಯಾಯಿತು, 2025ರಲ್ಲಿ ಆ ಜಿಲ್ಲೆ ಬೆಂಗಳೂರು ದಕ್ಷಿಣವಾಯಿತು, ಕಲ್ಲು ಮಾತ್ರ ಹಳೆಯ ಹೆಸರಿನಲ್ಲೇ ಇದೆ. ಪ್ರತಿ ಬದಲಾವಣೆಗೂ ಪ್ರಾಜೆಕ್ಟಣ್ಣ ಕಾರ್ಡು ಮತ್ತೆ ಅಚ್ಚು ಹಾಕಿಸಿದ್ದಾರೆ. ಅವರ ಪ್ರಾಜೆಕ್ಟುಗಳಿಂದ ಖಚಿತವಾಗಿ ಲಾಭ ಮಾಡಿಕೊಂಡವರು ಮಾಗಡಿಯ ಪ್ರಿಂಟಿಂಗ್ ಪ್ರೆಸ್ಸಿನವರೊಬ್ಬರೇ.

ಜಾಹೀರಾತಿಗೂ ಊರೇ ಒದಗಿತು. ಜೈನರಿಗೂ ಶ್ರೀವೈಷ್ಣವರಿಗೂ ಎದ್ದ ವ್ಯಾಜ್ಯವನ್ನು ಬುಕ್ಕರಾಯ 1368ರಲ್ಲಿ ತೀರಿಸಿ ಬರೆಸಿದ ಶಾಸನದ ಒಂದು ಪ್ರತಿ ಶ್ರವಣಬೆಳಗೊಳದಲ್ಲಿದೆ, ಇನ್ನೊಂದು ನಮ್ಮ ಕಲ್ಯದಲ್ಲಿ. ಪಾಲ್ಕುರಿಕೆ ಸೋಮನಾಥ ಐಕ್ಯನಾದದ್ದೂ ಇಲ್ಲೇ ಎಂದು ನಂಬಿಕೆ. ಶಾಸನದ ಕಲ್ಲುಗಳ ನೆತ್ತಿಯಲ್ಲಿ ಸೂರ್ಯ ಚಂದ್ರರನ್ನು ಕೆತ್ತುವ ವಾಡಿಕೆಯನ್ನು ಪ್ರಾಜೆಕ್ಟಣ್ಣ ಚಿಕ್ಕಂದಿನಿಂದ ನೋಡಿದವರೇ. ಅದೇ ಅವರ ಲೋಗೋ ಆಯಿತು. ವಾರಂಟಿ ಕಾರ್ಡಿನಲ್ಲಿ ಅವಧಿ ಎಂಬಲ್ಲಿ 'ಆಚಂದ್ರಾರ್ಕ' ಎಂದು ಅಚ್ಚಾಯಿತು. ಕೆಳಗೆ ಸಣ್ಣ ಅಕ್ಷರದಲ್ಲಿ: 'ಮೋಡದ ದಿನಗಳಿಗೆ ಅನ್ವಯಿಸುವುದಿಲ್ಲ.'

ಸಾಲದ ಅರ್ಜಿಯಲ್ಲಿ ಇಂಧನ ಯಾವುದೆಂಬ ಕಾಲಮ್ಮಿಗೆ 'ಸೂರ್ಯ' ಎಂದು ಬರೆದದ್ದರಿಂದ ಕಡತ ಸೋಲಾರ್ ವಿಭಾಗಕ್ಕೆ ಹೋಯಿತು. ಅಲ್ಲಿಂದ ಎಷ್ಟು ವ್ಯಾಟ್ ಎಂಬ ಪ್ರಶ್ನೆಯೊಂದಿಗೆ ಹಿಂದಿರುಗಿತು. ಕೊನೆಗೆ ಒಬ್ಬ ಅಧಿಕಾರಿ ಎದುರು ಕೂರಿಸಿಕೊಂಡು ಕೇಳಿದರಂತೆ: "ಬ್ಯಾಟರಿ ಬೇಡ, ಕರೆಂಟ್ ಬೇಡ, ಕೆಡೋ ಸಾಮಾನೇ ಇಲ್ಲ. ಒಂದ್ಸಲ ತಗೊಂಡ ಗಿರಾಕಿ ಎರಡನೇ ಸಲ ಯಾಕೆ ಬರ್ತಾನೆ?" ಪ್ರಾಜೆಕ್ಟಣ್ಣ ಜಗ್ಗಲಿಲ್ಲ. "ಎಎಂಸಿ ಇಟ್ಟಿವ್ನಲ್ಲ ಸಾರ್." ಚಲಿಸುವ ಒಂದು ಭಾಗವೂ ಇಲ್ಲದ ಯಂತ್ರಕ್ಕೆ ವಾರ್ಷಿಕ ನಿರ್ವಹಣಾ ಒಪ್ಪಂದ! ಧೂಳು ಒರೆಸುವುದು, ಅಡ್ಡ ಬಂದ ತೆಂಗಿನ ಗರಿ ಕಡಿಸುವುದು, ಅಡ್ಡ ಬಂದದ್ದು ಪಕ್ಕದ ಮನೆಯ ಮಹಡಿಯಾದರೆ ಸಂತಾಪ ಸೂಚಿಸುವುದು. ಅಧಿಕಾರಿ ನಕ್ಕು ಬಿಟ್ಟರೆಂದೂ, ನಗುವಾಗ ಕೈ ಸಹಿ ಹಾಕಿಬಿಟ್ಟಿತೆಂದೂ ಇವರು ಹೇಳುತ್ತಾರೆ.

ಮೇಸ್ತ್ರಿಯೊಬ್ಬನನ್ನು ಗೊತ್ತು ಮಾಡಿಕೊಂಡರು. ಕಲ್ಲುಕೆಲಸದವರ ಮನೆಯ ಹುಡುಗ, ಮಾತು ಕಡಿಮೆ. ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಕಲ್ಲು ಕೆತ್ತುವುದೂ ಒಂದಾದ್ದರಿಂದ ಅವನಿಗೆ 15,000 ರೂಪಾಯಿಯ ಉಪಕರಣ, ಶೇಕಡಾ 5ರ ಬಡ್ಡಿಯಲ್ಲಿ 1 ಲಕ್ಷ ಸಾಲ ಸಿಕ್ಕಿತ್ತು. ಪ್ರಾಜೆಕ್ಟಣ್ಣನಿಗೆ ಆ ಯೋಜನೆಯಲ್ಲಿ ಜಾಗವಿರಲಿಲ್ಲ. ಐಡಿಯಾ ಎಂಬ ಕಸುಬು ಆ 18ರಲ್ಲಿ ಸೇರಿಲ್ಲ.

ಮೊದಲ ಕಲ್ಲಿನಲ್ಲೇ ಅಕ್ಷಾಂಶ ತಲೆ ಎತ್ತಿತು. ನೆರಳು ಬೀಳಿಸುವ ಮುಳ್ಳು ಉತ್ತರಕ್ಕೆ ಮುಖ ಮಾಡಿ ಧ್ರುವ ನಕ್ಷತ್ರದತ್ತ ನೋಡಬೇಕು. ಎಂದರೆ ಊರಿನ ಅಕ್ಷಾಂಶ ಎಷ್ಟೋ ಅಷ್ಟು ಡಿಗ್ರಿ ತಲೆಯೆತ್ತಬೇಕು. ಲಂಡನ್ನಿನಲ್ಲಿ ಅದು ಐವತ್ತೊಂದೂವರೆ ಡಿಗ್ರಿ ಎದ್ದು ಗತ್ತಿನಿಂದ ನಿಲ್ಲುತ್ತದೆ. ಕಲ್ಯದಲ್ಲಿ ಹದಿಮೂರೇ ಡಿಗ್ರಿ. ಹಬ್ಬದೂಟ ಮುಗಿಸಿ ಜಗುಲಿಯಲ್ಲಿ ಒರಗಿದ ಮಾವನ ಹಾಗೆ ಮುಳ್ಳು ಮಲಗಿಬಿಡುತ್ತದೆ. ಅದು ಮಲಗಿದರೆ ಗಂಟೆಯ ಗೆರೆಗಳೂ ಸರಿಯಾಗಿ ಹರಡುವುದಿಲ್ಲ. ಬೆಳಿಗ್ಗೆ ಒಂಬತ್ತರಿಂದ ಮಧ್ಯಾಹ್ನ ಮೂರರವರೆಗಿನ ಆರು ತಾಸು ಬರೀ 25 ಡಿಗ್ರಿಯೊಳಗೆ ಮುದುರಿಕೊಳ್ಳುತ್ತದೆ. ಕನ್ನಡ ಅಂಕಿಯಲ್ಲೇ ಕೆತ್ತಬೇಕೆಂದು ಇವರ ಹಟ. ಮೇಸ್ತ್ರಿ ೧೧, ೧೨, ೧ ಎಂದು ಕೆತ್ತಿದ್ದು ಜಾಗ ಸಾಲದೆ ೧೧೧೨೧ ಎಂದು ಒಂದೇ ಸಾಲಾಯಿತು. ನೋಡಿದವರು ಯಾವುದೋ ಸಹಾಯವಾಣಿ ಎಂದುಕೊಂಡರು.

ಎರಡನೆಯ ಮಾದರಿಯಲ್ಲಿ ಚಕ್ರವನ್ನೇ ಎತ್ತಿ ನಿಲ್ಲಿಸಿದರು. ಭೂಮಧ್ಯರೇಖೆಯ ಸಮತಲಕ್ಕೆ ಸರಿಯಾಗಿ ಚಕ್ರ ಓರೆಯಾಗಿ ನಿಂತರೆ ಗಂಟೆಗೆ 15 ಡಿಗ್ರಿಯಂತೆ ಗೆರೆಗಳು ಸಮನಾಗಿ ಕೂರುತ್ತವೆ. ಆದರೆ ಮಾರ್ಚಿನಿಂದ ಸೆಪ್ಟೆಂಬರ್‌ವರೆಗೆ ಬಿಸಿಲು ಉತ್ತರದ ಮುಖಕ್ಕೆ, ಉಳಿದ ಆರು ತಿಂಗಳು ದಕ್ಷಿಣದ ಮುಖಕ್ಕೆ. ಎರಡೂ ಕಡೆ ಕೆತ್ತಬೇಕು, ಎರಡು ಕೂಲಿ ಕೊಡಬೇಕು. ಗಿರಾಕಿಗೆ ಮಾತ್ರ ಒಂದೇ ಗಡಿಯಾರದ ಬೆಲೆ. ಇಲ್ಲಿಗೆ ಬೇರೆ ಯಾರಾದರೂ ನಿಲ್ಲಿಸುತ್ತಿದ್ದರು. ಪ್ರಾಜೆಕ್ಟಣ್ಣ ಅದನ್ನು 'ಡಬಲ್ ಸೈಡ್ ಪ್ರೀಮಿಯಂ ಮಾಡೆಲ್' ಎಂದು ಕರೆದರು.

ಮೊದಲ ಗಿರಾಕಿ ಬೆಂಗಳೂರು ಬಿಟ್ಟು ತೋಟದ ಮನೆ ಕಟ್ಟಿಕೊಂಡವರು. ಗಡಿಯಾರ ಸ್ಥಾಪನೆಯಾಯಿತು, ಪೂಜೆಯಾಯಿತು, ಫೋಟೊ ಆಯಿತು. ಆಮೇಲೆ ಅವರು ಕೈಯಲ್ಲಿದ್ದ ಮೊಬೈಲು ನೋಡಿ, "ಇದು ಅರ್ಧ ಗಂಟೆ ಸ್ಲೋ ಇದೆಯಲ್ಲ" ಎಂದರು. ಅದು ಫೆಬ್ರವರಿ. ನಮ್ಮ ದೇಶದ ಗಡಿಯಾರಕ್ಕೆ 1906ರಿಂದ ಆಧಾರ ಪೂರ್ವ ರೇಖಾಂಶ 82.5 ಡಿಗ್ರಿ, ಕಲ್ಯ ಇರುವುದು 77ರ ಸ್ವಲ್ಪ ಆಚೆ. ಡಿಗ್ರಿಗೆ ನಾಲ್ಕು ನಿಮಿಷದಂತೆ ಸೂರ್ಯ ನಮಗೆ ಸುಮಾರು 21 ನಿಮಿಷ ತಡ. ಅದರ ಮೇಲೆ ಭೂಮಿ ತನ್ನ ದಾರಿಯಲ್ಲಿ ಒಮ್ಮೆ ಬೇಗ ಒಮ್ಮೆ ನಿಧಾನ ನಡೆಯುವುದರಿಂದಲೂ, ಓರೆಯಾಗಿ ನಿಂತು ತಿರುಗುವುದರಿಂದಲೂ ಫೆಬ್ರವರಿಯ ನಡುವೆ ಇನ್ನೊಂದು 14 ನಿಮಿಷ ಕೂಡಿಕೊಳ್ಳುತ್ತದೆ, ನವೆಂಬರ್ ಮೊದಲ ವಾರದಲ್ಲಿ 16 ನಿಮಿಷ ಕಳೆಯುತ್ತದೆ. ಹಾಗಾಗಿ ಕಲ್ಯದ ನೆತ್ತಿಯ ಮೇಲೆ ಮಧ್ಯಾಹ್ನವಾಗುವುದು ಒಮ್ಮೆ 12 ಗಂಟೆ 35ಕ್ಕೆ, ಒಮ್ಮೆ 12 ಗಂಟೆ 5ಕ್ಕೆ. ಸರಿಯಾಗಿ ಹನ್ನೆರಡಕ್ಕೆ ಯಾವತ್ತೂ ಇಲ್ಲ.

ಇದನ್ನೆಲ್ಲ ಪ್ರಾಜೆಕ್ಟಣ್ಣ ಒಂದು ಚಾರ್ಟು ಮಾಡಿ, ಲ್ಯಾಮಿನೇಷನ್ ಮಾಡಿಸಿ, ಗಡಿಯಾರದ ಜೊತೆ ಉಚಿತವಾಗಿ ಕೊಟ್ಟರು. ಕಲ್ಲಿನಲ್ಲಿ ಗಂಟೆ ನೋಡಬೇಕು, ಚಾರ್ಟಿನಲ್ಲಿ ಅವತ್ತಿನ ತಾರೀಕಿನ ಎದುರಿರುವ ನಿಮಿಷ ಕೂಡಬೇಕು. ತಾರೀಕು ಎಷ್ಟೆಂದು ಮೊಬೈಲಿನಲ್ಲಿ ನೋಡಿಕೊಳ್ಳಬಹುದು.

"ನಿಮ್ಮ ಮೊಬೈಲು ತೋರ್ಸೋದು ಮಿರ್ಜಾಪುರದ ಟೈಮು ಸಾರ್," ಎಂದು ತೋಟದ ಮನೆಯವರಿಗೆ ಅವರು ಹೇಳಿದ್ದನ್ನು ನಾನೇ ಕೇಳಿದ್ದೇನೆ. "ನಾನ್ ಕೊಟ್ಟಿರದು ನಿಮ್ಮ ಸ್ವಂತ ಜಮೀನಿನ ಟೈಮು." ಈ ಮಾತಿಗೆ ಮಾತ್ರ ನನ್ನ ನಮಸ್ಕಾರ. ಅವರ ವ್ಯಾಪಾರದ ಇತಿಹಾಸದಲ್ಲೇ ಇಷ್ಟು ನಿಜವಾದ ವಾಕ್ಯ ಇನ್ನೊಂದಿಲ್ಲ. ಎಮು ಎಣ್ಣೆಯಿಂದ ಮಂಡಿ ನೋವು ಹೋಗುತ್ತದೆಂದು ಹೇಳಿದಾಗ ಎಲ್ಲರೂ ನಂಬಿದ್ದರು. ಈ ಸಲ ಪೂರ್ತಿ ಸತ್ಯ ಹೇಳುತ್ತಿದ್ದರು, ಗಿರಾಕಿ ಅನುಮಾನದಿಂದ ನೋಡುತ್ತಿದ್ದ.

ವಾಸ್ತುವಿನವರು ಬಂದದ್ದು ಆಮೇಲೆ. ಮುಳ್ಳು ನೇರ ಉತ್ತರ ನೋಡಬೇಕೆಂದು ಇವರು, ಈಶಾನ್ಯ ನೋಡಿದರೆ ಶ್ರೇಯಸ್ಸೆಂದು ಅವರು. ಈಶಾನ್ಯದಲ್ಲಿ ಭಾರದ ಕಲ್ಲು ಕೂಡದು, ಭಾರವೆಲ್ಲ ನೈಋತ್ಯಕ್ಕೆ ಎಂಬುದು ಅವರ ಮುಂದಿನ ಮಾತು. ನೈಋತ್ಯದಲ್ಲಿ, ಅದೇ ವಾಸ್ತುವಿನ ಪ್ರಕಾರ, ಓವರ್‌ಹೆಡ್ ಟ್ಯಾಂಕ್ ಇತ್ತು. ಗಡಿಯಾರ ಟ್ಯಾಂಕಿನ ಬುಡಕ್ಕೆ ಹೋಯಿತು. ದಿನವಿಡೀ ನೆರಳು. ಗಂಟೆ ಒಂದನ್ನು ಬಿಟ್ಟರೆ ಉಳಿದದ್ದೆಲ್ಲ ಶ್ರೇಯಸ್ಕರವಾಗಿದೆ.

ಒಂದು ರೆಸಾರ್ಟಿನವರದು ಇನ್ನೊಂದು ಕತೆ. ಮಾಲೀಕರು ಯುರೋಪ್ ಟೂರಿನಲ್ಲಿ ಚರ್ಚಿನ ದಕ್ಷಿಣ ಗೋಡೆಯ ಮೇಲೆ ನೆರಳು ಗಡಿಯಾರ ನೋಡಿ ಬಂದಿದ್ದರು, ಅಂಥದ್ದೇ ಬೇಕೆಂದರು. ಜನವರಿಯಲ್ಲಿ ಹಾಕಿದರು, ಚೆನ್ನಾಗಿ ನಡೆಯಿತು. ಏಪ್ರಿಲ್ 24ರ ಸುಮಾರಿಗೆ ಸೂರ್ಯ ನಮ್ಮ ನೆತ್ತಿ ದಾಟಿ ಉತ್ತರಕ್ಕೆ ಹೋಗುತ್ತಾನೆ, ಹಿಂದಿರುಗುವುದು ಆಗಸ್ಟ್ 18ರ ಆಸುಪಾಸಿಗೆ. ಅಷ್ಟು ದಿನ ನಮ್ಮ ಸೀಮೆಯ ದಕ್ಷಿಣ ಗೋಡೆಗೆ ಬಿಸಿಲೆಂಬುದೇ ಇಲ್ಲ. ಬೇಸಿಗೆ ರಜೆಗೆ ರೆಸಾರ್ಟ್ ತುಂಬಿದಾಗಲೇ ಫೋನು ಬಂತು.

"ನಿಮ್ ಗಡಿಯಾರ ನಿಂತೋಗದೆ ಕಣ್ರೀ."

"ಗಡಿಯಾರ ನಿಂತಿಲ್ಲ ಸಾರ್. ಸೂರ್ಯ ಗೋಡೆ ಹಿಂದ್ಕೆ ಹೋಗವ್ನೆ. ಆಗಸ್ಟಿಗೆ ಬತ್ತಾನೆ."

"ಅಲ್ಲೀವರ್ಗೂ?"

"ಅಲ್ಲೀವರ್ಗೂ ಎಎಂಸಿ ಚಾರ್ಜು ಹಾಕಾಕಿಲ್ಲ."

ವಿದೇಶಿ ಮಾರುಕಟ್ಟೆಯನ್ನೂ ಬಿಡಲಿಲ್ಲ. ಮೆಲ್ಬರ್ನಿನಲ್ಲಿರುವ ನೆಂಟರೊಬ್ಬರು ಒಂದು ಬೇಕೆಂದರು. ಅದು ಭೂಗೋಳದ ಕೆಳಭಾಗ. ಅಲ್ಲಿ ಮುಳ್ಳು ದಕ್ಷಿಣ ನೋಡಬೇಕು, ಗಂಟೆಗಳು ಎಡಕ್ಕೆ ತಿರುಗಬೇಕು. ಮೇಸ್ತ್ರಿ ಉಲ್ಟಾ ಕೆತ್ತಿ ಶೆಡ್ಡಿನ ಮುಂದಿಟ್ಟ. ದಾರಿಯಲ್ಲಿ ಹೋಗುವವರೆಲ್ಲ ನಿಂತು ತಪ್ಪು ತೋರಿಸಿ ಹೋದರು. ಕಲ್ಲನ್ನು ಹಡಗಿಗೇರಿಸಲು ಸುಂಕದ ಪಟ್ಟಿ ನೋಡಿದರೆ ಗಡಿಯಾರಗಳ ಅಧ್ಯಾಯದಲ್ಲಿ ಇದಕ್ಕೆ ಜಾಗವೇ ಇಲ್ಲ. ನೆರಳು ಗಡಿಯಾರ ಕಲ್ಲಿನದಾದರೆ ಕಲ್ಲಿನ ಲೆಕ್ಕ, ಹಿತ್ತಾಳೆಯದಾದರೆ ಹಿತ್ತಾಳೆಯ ಲೆಕ್ಕ. ಪ್ರಪಂಚದ ಸುಂಕದವರೆಲ್ಲ ಕೂಡಿ ಇದು ಗಡಿಯಾರವಲ್ಲವೆಂದು ಒಪ್ಪಿಕೊಂಡಿದ್ದಾರೆಂದು ತಿಳಿದು ಪ್ರಾಜೆಕ್ಟಣ್ಣ ಆ ದಿನ ಊಟ ಬಿಟ್ಟರು. ಕಲ್ಲಿನ ಬೆಲೆಯ ಮೂರರಷ್ಟು ಸಾಗಣೆ ಖರ್ಚು ಕೇಳಿ ನೆಂಟರು ಫೋನು ಬಿಟ್ಟರು.

ಇಷ್ಟಾದ ಮೇಲೆ, ಯಾರೂ ಎಣಿಸದ ಕಡೆಯಿಂದ ವ್ಯಾಪಾರ ಕುದುರಿತು. ಮಾಗಡಿಯ ಅಂಗಡಿಯವರೊಬ್ಬರು ಶೆಡ್ಡಿಗೆ ಬಂದು, ನೆರಳಿನಲ್ಲಿ ರಾಹುಕಾಲ ತಿಳಿಯುತ್ತದೆಯೇ ಎಂದು ವಿಚಾರಿಸಿದರು. ತಿಳಿಯುತ್ತದೆ. ಅದಕ್ಕಿಂತ ಚೆನ್ನಾಗಿ ತಿಳಿಸುವ ಉಪಕರಣವೇ ಇಲ್ಲ. ಹೊತ್ತು ಹುಟ್ಟಿದಾಗಿನಿಂದ ಮುಳುಗುವವರೆಗೆ ಹಗಲನ್ನು ಎಂಟು ಭಾಗ ಮಾಡಿದರೆ ಸೋಮವಾರ ಎರಡನೆಯದು, ಶನಿವಾರ ಮೂರನೆಯದು, ಶುಕ್ರವಾರ ನಾಲ್ಕನೆಯದು, ಹೀಗೆ ವಾರಕ್ಕೊಂದು ಭಾಗ ರಾಹುವಿನದು. ಗೋಡೆ ಕ್ಯಾಲೆಂಡರು ಒಂದೊಂದಕ್ಕೂ ಒಂದೂವರೆ ಗಂಟೆ ಎಂದು ಹಾಕಿ ಕೈತೊಳೆದುಕೊಳ್ಳುತ್ತದೆ. ನಿಜದಲ್ಲಿ ನಮ್ಮ ಕಡೆ ಡಿಸೆಂಬರಿನಲ್ಲಿ ಅದು 85 ನಿಮಿಷ, ಜೂನಿನಲ್ಲಿ 97ರ ಹತ್ತಿರ. ಶುಕ್ರವಾರದ ರಾಹುಕಾಲ ಹಗಲಿನ ನಾಲ್ಕನೆಯ ಭಾಗವಾದ್ದರಿಂದ ಅದು ಮುಗಿಯುವುದು ಸೂರ್ಯನ ಲೆಕ್ಕದ ಮಧ್ಯಾಹ್ನಕ್ಕೆ. ಎಂದರೆ ಹನ್ನೆರಡಕ್ಕಲ್ಲ, ಫೆಬ್ರವರಿಯಲ್ಲಾದರೆ 12 ಗಂಟೆ 35ಕ್ಕೆ.

ಅಂಗಡಿಯವರ ಮುಖ ಬಿಳಿಚಿತು. ಅವರ ಅಂಗಡಿ ಪೂಜೆ ನಡೆದದ್ದು ಫೆಬ್ರವರಿಯ ಒಂದು ಶುಕ್ರವಾರ, ರಾಹುಕಾಲ ಕಳೆಯಲೆಂದು ಕಾದು, 12 ಗಂಟೆ 5ಕ್ಕೆ. ಆಮೇಲೆ ನಿಧಾನವಾಗಿ ಆ ಮುಖದಲ್ಲಿ ಒಂದು ಕಳೆ ಏರಿತು. ಇಷ್ಟು ವರ್ಷದ ನಷ್ಟಕ್ಕೆ ತಮ್ಮನೂ ಕಾರಣನಲ್ಲ, ಎದುರಿನ ಹೊಸ ಅಂಗಡಿಯೂ ಅಲ್ಲ, ಉದ್ದರಿಯೂ ಅಲ್ಲ. ಕೇಳಿದ ಬೆಲೆ ಕೊಟ್ಟು, ಚೌಕಾಸಿ ಮಾಡದೆ ಒಂದು ಚಕ್ರ ಒಯ್ದರು. ಲಾಭ ತರುವ ವಸ್ತುವಿಗೆ ಚೌಕಾಸಿ ಮಾಡುವ ನಮ್ಮ ಜನ, ನಷ್ಟಕ್ಕೆ ಕಾರಣ ಕೊಡುವ ವಸ್ತುವಿಗೆ ಮಾಡುವುದಿಲ್ಲ. ವಾರದೊಳಗೆ ಆ ಬೀದಿಯ ಅರ್ಧ ಅಂಗಡಿಗಳು ತಾವೂ ರಾಹುವಿನ ಬಾಯಲ್ಲೇ ಶುರುವಾದವೆಂದು ಪತ್ತೆ ಹಚ್ಚಿಕೊಂಡವು. ಪುರೋಹಿತರು ಮಾತ್ರ ಬೇಸರದಿಂದ, "ಪಂಚಾಂಗ ನೋಡಿ, ಉದಯದಿಂದ ಲೆಕ್ಕ ಹಾಕಿ ಅಂತ ನಾನು ಹೇಳಿದ್ರೆ ಯಾರು ಕೇಳ್ತಿದ್ರು? ಕಲ್ಲು ಹೇಳಬೇಕಾಯ್ತು" ಎಂದರು.

ಆರ್ಡರುಗಳು ಬಂದವು. ಮುಂಗಡ ಬಂತು. ಪ್ರಾಜೆಕ್ಟಣ್ಣ ಸಪ್ಪಗಾದರು.

ಇದನ್ನು ಕಂಡವರಿಗಷ್ಟೇ ಈ ಮನುಷ್ಯ ಅರ್ಥವಾಗುವುದು. ನಷ್ಟ ಬಂದರೆ ಅವರು ಕುಗ್ಗುವುದಿಲ್ಲ, ನಷ್ಟಕ್ಕೆ ರಿಪೋರ್ಟು ಬರೆಯಬಹುದು. ಆದರೆ ಒಂದೇ ಅಳತೆಯ, ಒಂದೇ ಗೆರೆಯ ಚಕ್ರಗಳನ್ನು ಇಂಥ ತಾರೀಕಿಗೆ ಇಂಥ ಅಂಗಡಿಗೆ ತಲುಪಿಸಬೇಕೆಂದರೆ ಅದು ಬರೀ ದುಡಿಮೆ. ಅದಕ್ಕೂ ರೇಷ್ಮೆಗೂ ಏನು ವ್ಯತ್ಯಾಸ? ಗಿರಾಕಿ ಫೋನು ಮಾಡಿದರೆ ಎತ್ತುವುದು ಬಿಟ್ಟರು. ಕೇಳಿದರೆ "ಆರ್‌ ಅಂಡ್‌ ಡಿ ನಡೀತಾ ಐತೆ" ಎಂದರು. ಅಂಗಡಿಯವರು ಹುಡುಕಿಕೊಂಡು ಬಂದರೆ ಮೇಸ್ತ್ರಿಯ ಕಡೆ ಕೈ ತೋರಿದರು. ಮೇಸ್ತ್ರಿ ಒಂದೂ ಮಾತಾಡದೆ ಎಲ್ಲ ಚಕ್ರಗಳನ್ನೂ ಕೆತ್ತಿ, ಟೆಂಪೊ ಮಾಡಿ, ತಲುಪಿಸಿ, ಬಾಕಿ ವಸೂಲು ಮಾಡಿಕೊಂಡು ಬಂದ. ಶೆಡ್ಡಿನ ಅರ್ಧವನ್ನು ತಾನೇ ಬಾಡಿಗೆಗೆ ಹಿಡಿದ. ಜಿಲ್ಲೆಗೆ ಬೆಂಗಳೂರಿನ ಹೆಸರು ಬಂದ ಮೇಲೆ ಸುತ್ತಲೂ ಲೇಔಟುಗಳು ಏಳುತ್ತಿವೆ; ಸೈಟಿಗೆ ನಾಲ್ಕು ಮೂಲೆ, ಮೂಲೆಗೊಂದು ಕಲ್ಲು. ಈಗ ಅವನ ಕಡೆ ಆಳುಗಳಿದ್ದಾರೆ, ಬಾಂದುಕಲ್ಲು ರಾಶಿ ಬಿದ್ದಿವೆ, ಲಾರಿ ಬಂದು ನಿಲ್ಲುತ್ತದೆ. ೧೧೧೨೧ ಎಂದು ಕೆತ್ತಿದ್ದ ಆ ಮೊದಲ ಕಲ್ಲನ್ನೂ ಕತ್ತರಿಸಿ ಮಾರಿದನಂತೆ. ಯಾವುದೋ ಲೇಔಟಿನ ಮೂಲೆಯಲ್ಲಿ ಅದನ್ನು ಸರ್ವೆ ನಂಬರೆಂದು ಓದುತ್ತಿರಬಹುದು.

"ನೀವೂ ಬಾಂದುಕಲ್ಲಿಗೆ ಕೈ ಹಾಕಬಹುದಿತ್ತಲ್ಲ?" ಎಂದು ಕೇಳಿದೆ ಮೊನ್ನೆ.

ನನ್ನನ್ನು ಕನಿಕರದಿಂದ ನೋಡಿದರು. "ಅದ್ರಾಗೆ ಪ್ರಾಜೆಕ್ಟ್ ಎಲ್ಲೈತೆ?"

ಆಮೇಲೆ ಕುರ್ಚಿ ಹತ್ತಿರ ಎಳೆದುಕೊಂಡರು. ಶೆಡ್ಡಿನ ತಗಡಿನ ಮೇಲೆ ಮಳೆ ಬೀಳುತ್ತಿತ್ತು. "ನೋಡಿ, ನೆರಳು ಗಡಿಯಾರದ ವೀಕ್ನೆಸ್ ಏನು? ಮಳೆಗಾಲ. ಜೂನಿಂದ ನಾಕ್ ತಿಂಗಳು ಬಿಸ್ಲಿಲ್ಲ. ಆ ನಾಕ್ ತಿಂಗಳು ಜನಕ್ಕೆ ಟೈಮ್ ಬ್ಯಾಡ್ವಾ?" ಮೇಜಿನ ಕೆಳಗಿನಿಂದ ಒಂದು ತಾಮ್ರದ ಬಟ್ಟಲು ತೆಗೆದರು. ತಳದಲ್ಲಿ ಸೂಜಿಮೊನೆಯಷ್ಟು ತೂತು. ಬಕೆಟ್ಟಿನ ನೀರಿನ ಮೇಲೆ ಬಿಟ್ಟರು. ಘಳಿಗೆ ಬಟ್ಟಲು, ನೀರು ತುಂಬಿ ಮುಳುಗಿದರೆ ಒಂದು ಘಳಿಗೆ, 24 ನಿಮಿಷ, ದಿನಕ್ಕೆ ಅರವತ್ತು. ಬಟ್ಟಲಿಗೆ ಗಿರಾಕಿಯ ಹೆಸರು ಕೆತ್ತಬಹುದು. ಪ್ರತಿ ಸಲ ಮುಳುಗಿದಾಗ ಎತ್ತಿ ಬಿಡಲು ಒಬ್ಬ ಆಳು ಬೇಕು, ರಾತ್ರಿ ಪಾಳಿಗೆ ಇನ್ನೊಬ್ಬ. "ಉದ್ಯೋಗ ಸೃಷ್ಟಿ!" ಎಂದರು. "ಸೊಸೈಟಿಯೋರು ಅದನ್ನ ಕೇಳೇ ಅರ್ಧ ಒಪ್ಪವ್ರೆ."

ಇನ್ನರ್ಧಕ್ಕೆ ಏನು ಬೇಕೆಂದು ಕೇಳಬಾರದಿತ್ತು. ಪ್ಲಾಸ್ಟಿಕ್ ಕವರಿನಿಂದ ಅರ್ಜಿ ಹೊರಬಂತು. ಒಂದನೇ ಜಾಮೀನುದಾರರ ಜಾಗದಲ್ಲಿ ಮೇಸ್ತ್ರಿಯ ಸಹಿ ಇತ್ತು. ಎರಡನೆಯದು ಖಾಲಿ. ಪೆನ್ನಿನ ಮುಚ್ಚಳ ತೆಗೆದು ನನ್ನ ಕಡೆ ಚಾಚಿದರು. ನಾನು ಮಾಗಡಿ ಬಸ್ಸಿಗೆ ಹೊತ್ತಾಯಿತೆಂದು ಎದ್ದೆ.

"ಕೂತ್ಕಳಿ, ಇನ್ನೂ ಟೈಮೈತೆ," ಎಂದರು ಬಟ್ಟಲು ನೋಡಿ.